ಸುಟ್ಟ ಟಿ.ಸಿ.ಯ ಮೇಲೊಂದು ಕೇಸು

ನಾನು ಒಂದು ಟ್ರಾನ್ಸ್‌ಫಾರ್ಮರು. ಊರವರ ಬಾಯಲ್ಲಿ ಟಿ.ಸಿ. ದೊಡ್ಡ ತಂತಿಯಲ್ಲಿ ಬರುವ ಉಗ್ರ ಕರೆಂಟನ್ನು ಪಳಗಿಸಿ ಮನೆಮನೆಗೆ ಕಳಿಸುವುದು ನನ್ನ ಉದ್ಯೋಗ. ಬೆಂಗಳೂರಿನ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಹೆಂಗಸರು ಅತ್ತೆ-ನಾದಿನಿಯರ ಸುದ್ದಿ ಆಡುತ್ತ ಆಡುತ್ತ ನನ್ನೊಳಗೆ ತಾಮ್ರದ ತಂತಿ ಸುತ್ತಿದರು. ಎಣ್ಣೆ ತುಂಬಿ ಮುಚ್ಚಳ ಬಿಗಿದಾಗ ಅವರ ಮಾತು ಕೇಳದಾಯಿತು. ಬೇಜಾರಾಯಿತು, ಆದರೆ ನನ್ನನ್ನು ಕೇಳುವವರು ಯಾರು?

ಲಾರಿ ನನ್ನನ್ನು ಬಾಗಲಕೋಟೆ ಕಡೆಯ ಒಂದು ನೇಕಾರರ ಊರಿಗೆ ತಂದು ಇಳಿಸಿತು. ಎರಡು ಕಂಬಗಳ ನಡುವೆ ಏರಿಸಿದರು. ನನ್ನ ಕಾಲಬುಡದಲ್ಲೇ ಕಾಶವ್ವನ ಮನೆ. ಗಂಡ ತೀರಿಕೊಂಡ ಮೇಲೆ ಎರಡು ವಿದ್ಯುತ್ ಮಗ್ಗಗಳನ್ನು ಒಬ್ಬಳೇ ನಡೆಸುತ್ತಿದ್ದಳು. ಕರೆಂಟು ಹೋದರೆ ನನ್ನ ವಂಶವನ್ನೆಲ್ಲ ಬೈಯುವಳು, ಬಂದರೆ ಕಂಬಕ್ಕೆ ಕುಂಕುಮ ಹಚ್ಚುವಳು. "ಈ ಟಿ.ಸಿ. ಇದ್ರ ಮಗ್ಗ, ಮಗ್ಗ ಇದ್ರ ನನ್ನ ರೊಟ್ಟಿ" ಎನ್ನುತ್ತಿದ್ದಳು.

ಆ ಊರಿನ ಕರೆಂಟು ಮೊದಲು ಸರ್ಕಾರದ್ದು. ಆಮೇಲೆ ಖಾಸಗಿ ಕಂಪನಿಗೆ ಮಾರಿದರು. ಕಂಪನಿ ಮನಬಂದಂತೆ ಕುಣಿಯದಿರಲೆಂದು ಮೇಲೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಿತ್ತು. ಸುಟ್ಟ ಟಿ.ಸಿ.ಯನ್ನು ಒಂದೇ ದಿನದಲ್ಲಿ ಬದಲಿಸಬೇಕೆಂದು ಅದರ ಕಟ್ಟಪ್ಪಣೆ. ಬೀದಿಯಲ್ಲಿ ಮಗ್ಗಗಳು ಹೆಚ್ಚಿ, ಭಾರ ತಾಳಲಾರದೆ ನಾನು ಮೊದಲ ಸಲ ಸುಟ್ಟಾಗ ಕಂಪನಿ ಸತಾಯಿಸಿತು. ಕಾಶವ್ವ ನೆಟ್ಟಗೆ ಆಯೋಗದ ಸಭೆಗೆ ಹೋಗಿ ಎಲ್ಲರೆದುರು ದನಿ ಎತ್ತಿದಳಂತೆ. ಆಯೋಗದವರು ಕಂಪನಿಯ ಮೈಚಳಿ ಬಿಡಿಸಿದರು. ಮರುದಿನವೇ ನನ್ನ ಜಾಗಕ್ಕೆ ಬದಲಿ ಟಿ.ಸಿ. ಬಂತು; ನಾನು ರಿಪೇರಿಗೆ ಹೋಗಿ ಮತ್ತೆ ಅದೇ ಕಂಬಕ್ಕೆ ಮರಳಿದೆ. ಅಂದಿನಿಂದ ಕಾಶವ್ವ ಕಚೇರಿಗೆ ಕಾಲಿಟ್ಟರೆ ಸಾಹೇಬರು ಕುರ್ಚಿ ಬಿಟ್ಟು ಏಳುತ್ತಿದ್ದರಂತೆ.

ಹಾಗೇ ಕೆಲವು ವರ್ಷ ಕಳೆದವು. ಆಮೇಲೆ ಕಂಪನಿ ದಿವಾಳಿ ಎದ್ದಿತು. ದುಡ್ಡು ಎಲ್ಲಿ ಹೋಯಿತೋ ಕಾಣೆ, ನನಗಂತೂ ಒಂದು ಹನಿ ಹೊಸ ಎಣ್ಣೆ ಬಿದ್ದಿರಲಿಲ್ಲ. ದಿವಾಳಿಯಾದವರ ಮೇಲೆ ರಾಜ್ಯದ ಆಯೋಗಕ್ಕೆ ಅಧಿಕಾರವಿಲ್ಲ, ನಮ್ಮನ್ನು ಅದರ ಕೈಯಿಂದ ಬಿಡಿಸಿ ಎಂದು ಕಂಪನಿಯ ಧಣಿಗಳು ಕೋರ್ಟಿಗೆ ಹೋದರು. ಕೇಸು ಮುಗಿಯುವವರೆಗೆ ಆಯೋಗ ಸುಮ್ಮನಿರಬೇಕೆಂದು ತಡೆಯಾಜ್ಞೆ ಬಂತು.

ಆ ಬೇಸಿಗೆಯಲ್ಲೇ ನಾನು ಎರಡನೇ ಸಲ ಸುಟ್ಟೆ. ಕಂಪನಿಯ ಮ್ಯಾನೇಜರು ಇನಾಮದಾರರ ಜೀಪು ಬೀದಿಗೆ ಬಂದಾಗ ಕಾಶವ್ವ ಅಡ್ಡ ನಿಂತಳು.

"ಸಾಹೇಬ್ರ, ಒಂದ ದಿನದಾಗ ಬದಲಿ ಮಾಡ್ಬೇಕಂತ ಆಯೋಗದ ಹುಕುಂ ಐತ್ರಿ."

"ಆಯೋಗ ಈಗ ನಮ್ಮನ್ನ ಕೇಳಂಗಿಲ್ಲವ್ವ. ಕೋರ್ಟಿನಾಗ ಕೇಸ್ ಐತಿ."

"ಹಂಗಾದ್ರ ನಿಮ್ಮನ್ನ ಕೇಳಾವ್ರು ಯಾರ್ರೀ?"

ಇನಾಮದಾರರು ಗಾಜು ಏರಿಸಿಕೊಂಡರು. ಜೀಪು ಹೋಯಿತು.

ಮಗ್ಗಗಳು ನಿಂತುಬಿಟ್ಟವು. ಕಾಯುವಷ್ಟು ಕಾದು, ಕಾಶವ್ವ ತನ್ನ ಎರಡು ಮಗ್ಗಗಳಲ್ಲಿ ಒಂದನ್ನು ಮಾರಿದಳು. ಬೀದಿಯವರೂ ಕೈಲಾದಷ್ಟು ಸೇರಿಸಿದರು. ನಿವೃತ್ತ ಲೈನ್‌ಮನ್ ಮೌಲಾಸಾಬ ಸರಪಳಿ ಕಟ್ಟಿ ನನ್ನನ್ನು ಇಳಿಸಿದ. ಟ್ರ್ಯಾಕ್ಟರಿನಲ್ಲಿ ಪಕ್ಕದ ಊರಿಗೆ ಒಯ್ದು ಹೊಸ ತಾಮ್ರ ಸುತ್ತಿಸಿದರು, ಹೊಸ ಎಣ್ಣೆ ತುಂಬಿಸಿದರು. ಆಹಾ, ಮತ್ತೆ ಹುಟ್ಟಿದ ಹಾಗಾಯಿತು!

ವಾಪಸು ಬರುವಾಗ ಬೀದಿಯ ತಿರುವಿನಲ್ಲೇ ಪೊಲೀಸರು ತಡೆದರು. ಕಂಪನಿಯ ಆಸ್ತಿ ಕಳವಾಗಿದೆಯೆಂದು ಇನಾಮದಾರರು ದೂರು ಕೊಟ್ಟಿದ್ದರು. ಸಾಲ ಕೊಟ್ಟ ಬ್ಯಾಂಕಿನವರು ಕಂಪನಿಯ ಒಂದೊಂದು ಕಂಬವನ್ನೂ ಲೆಕ್ಕ ಹಾಕುತ್ತಿದ್ದರಂತೆ.

"ಸುಟ್ಟಾಗ ಇದು ಯಾರ್ದೂ ಅಲ್ಲ, ರಿಪೇರಿ ಆದಕೂಡ್ಲೆ ನಿಮ್ದೇನ್ರೀ?" ಎಂದು ಕಾಶವ್ವ ಕೂಗಿದಳು. ಕಣ್ಣಲ್ಲಿ ನೀರಿತ್ತು. ಪೊಲೀಸರು ಅವಳ ಮೇಲೆ ಕಳವಿನ ಕೇಸು ಹಾಕಿ, ಟ್ರ್ಯಾಕ್ಟರನ್ನು ಠಾಣೆಯ ಕಡೆ ತಿರುಗಿಸಿದರು.

ನಾನು ಠಾಣೆಯ ಹಿತ್ತಲು ಸೇರಿದೆ. ಕಳವಿನ ಮಾಲು ಎಂದು ಮೈಮೇಲೆ ಚೀಟಿ ಅಂಟಿಸಿದರು. ಅಪಘಾತದ ಬೈಕುಗಳು ನನ್ನ ನೆರೆಹೊರೆ. ಕಂಪನಿ ಮತ್ತು ಆಯೋಗದ ನಡುವಿನ ದೊಡ್ಡ ಕೇಸು ಮುಗಿಯದೆ ನನ್ನನ್ನು ಬಿಡುವಂತಿಲ್ಲವಂತೆ. ಜಾಮೀನಿನ ಮೇಲಿದ್ದ ಕಾಶವ್ವ ಸಹಿ ಹಾಕಲು ಬಂದಾಗಲೆಲ್ಲ ನನ್ನ ಮೈ ತಟ್ಟಿ, "ಇವತ್ತರ ಬಿಡ್ತಾರೇನ್ರೀ?" ಎಂದು ಪೇದೆಯನ್ನು ಕೇಳುವಳು. ಪೇದೆ ತಲೆಯಾಡಿಸುವನು. ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು. ನಾನು ಗಟ್ಟಿಮುಟ್ಟಾಗಿದ್ದೆ, ಸುಮ್ಮನೆ ಬಿದ್ದಿದ್ದೆ. ದುಡಿದು ದಣಿಯುವುದಕ್ಕಿಂತ ಹೀಗೆ ದಣಿಯುವುದು ಕಷ್ಟ.

ಕೊನೆಗೊಂದು ದಿನ ಪೇದೆ ತಾನೇ ಓಡಿಬಂದ. "ಕಾಶವ್ವಾರ, ಕಂಪನಿ ಸೋತೈತ್ರಿ! ಆಯೋಗಕ್ಕ ಮತ್ತ ಅಧಿಕಾರ ಬಂತು. ನಿಮ್ಮ ಕೇಸೂ ಬಿದ್ದೋತು. ಟಿ.ಸಿ. ಒಯ್ರಿ!"

ಅವಳು ನಗಲಿಲ್ಲ. ಸಹಿ ಹಾಕಿ ಟ್ರ್ಯಾಕ್ಟರಿಗೆ ಹೇಳಿಕಳಿಸಿದಳು.

ಮೌಲಾಸಾಬ ನನ್ನನ್ನು ಮತ್ತೆ ಕಂಬಕ್ಕೆ ಏರಿಸಿದ. ಕಂಪನಿಯವರು ಬಂದು ತಂತಿ ಜೋಡಿಸಿದರು. ಇನಾಮದಾರರೂ ಬಂದಿದ್ದರು, ಕೈ ಕಟ್ಟಿಕೊಂಡು. ಕರೆಂಟು ನನ್ನೊಳಗೆ ಹರಿಯಿತು. ಇನ್ನೇನು ಮಗ್ಗಗಳ ಖಟಪಟ ಶುರುವಾಗುತ್ತದೆ ಎಂದು ಕಾದೆ. ಒಂದು ಮನೆಯಲ್ಲಿ ಬಲ್ಬು ಹತ್ತಿತು. ಇನ್ನೊಂದು ಮನೆಯಲ್ಲಿ ಟಿ.ವಿ. ಹಾಡಿತು. ಅಷ್ಟೇ. ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ಗುಜರಿಗೆ ಹೋಗಿದ್ದವು. ಕಾಶವ್ವನ ಎರಡನೆಯದೂ ಹಿಂದಿನ ತಿಂಗಳೇ ಹೋಗಿತ್ತು.

ಕಬ್ಬಿನ ಗದ್ದೆಗೆ ಕೂಲಿಯವರನ್ನು ಒಯ್ಯುವ ಟೆಂಪೊ ಬೀದಿಯ ಕೊನೆಗೆ ಬಂದು ಹಾರ್ನು ಹೊಡೆಯಿತು. ಕಾಶವ್ವ ಬಾಗಿಲಿಗೆ ಚಿಲಕ ಹಾಕಿ, ಬುತ್ತಿಗಂಟು ಕಂಕುಳಲ್ಲಿಟ್ಟುಕೊಂಡು, ತಲೆ ಎತ್ತಿ ನನ್ನನ್ನು ನೋಡಿದಳು.

"ಇನ್ನ ಆರಾಮ ಇರಪಾ. ನಿನ್ನ ಸುಡಾಕ ಇಲ್ಲೆ ಯಾರೂ ಉಳದಿಲ್ಲ."

ಎರಡು ಸಲ ಸುಟ್ಟವನು ನಾನು. ಆಗಲೂ ಇಷ್ಟು ನೋವಾಗಿರಲಿಲ್ಲ.