ಫಾತಿಮಾಬಿ ಕೊಟ್ಟ ಜನರೇಟರ್

ಕಡಲೆ ಹೂಬಿಟ್ಟ ಹೊತ್ತಿಗೆ ಯಾರಿಗೂ ಬೇಡದ ಮಳೆ ಬಂತು. ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತ ತಿರ್ಲಾಪುರವನ್ನು ಮುಟ್ಟುವಾಗ ಬಿರುಗಾಳಿಯಾಗಿ, ಜಿಟಿಜಿಟಿ ಮಳೆಯಾಗಿ, ಎಲುಬಿಗೆ ಇಳಿಯುವ ಥಂಡಿಯಾಗಿತ್ತು. ಮೊದಲ ಸಂಜೆಯೇ ನವಲಗುಂದದ ಕಡೆಯ ಹೊಲಗಳಲ್ಲಿ ಕರೆಂಟಿನ ಕಂಬಗಳು ಸಾಲಾಗಿ ಒರಗಿದವು. ಮರುದಿನ ಲೈನ್‌ಮನ್ ಗುಡದಪ್ಪ ಮೊಣಕಾಲತನಕ ಕೆಸರು ಮೆತ್ತಿಕೊಂಡು ಊರೊಳಗೆ ಬಂದ. ಜನ ಅವನನ್ನು ಸುತ್ತುವರಿದರು.

"ಕಂಬ ತರೂ ಗಾಡಿ ಎರಿ ಹೊಲದಾಗ ಹ್ಯಾಂಗ ಇಳೀಬೇಕ್ರಿ? ಗಾಲಿ ಹುಗದ ಬಿಡತಾವ. ಮಳಿ ನಿಂತು ನೆಲಾ ಆರಬೇಕು. ಅಲ್ಲೀತನಾ ಕರೆಂಟಿನ ಆಸೆ ಬಿಡ್ರಿ" ಎಂದ.

ಎಲ್ಲರೂ ಬೈಯುತ್ತ ಚದುರಿದರು. ಅನ್ನಪೂರ್ಣಾ ಮಾತ್ರ ನಿಂತಲ್ಲೇ ನಿಂತಿದ್ದಳು.

"ಅಲ್ಲೀತನಾ ಅಂದ್ರ ಯಾವಾಗಣ್ಣಾ?"

"ಅದನ್ನ ಮಳೀನ ಕೇಳವ್ವಾ" ಎಂದು ಅವನು ನಡೆದ. ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ, ದಣಿವಿತ್ತು.

ಅನ್ನಪೂರ್ಣಾಳ ಮನೆಯ ಹಿಂದಿನ ಕೋಣೆಯಲ್ಲಿ ಮೊಟ್ಟೆಗಳಿಗೆ ಕಾವು ಕೊಡುವ ಯಂತ್ರವಿತ್ತು. ಊರಿನವರು ಅದನ್ನು ಮರಿ ಪೆಟ್ಟಿಗಿ ಎನ್ನುತ್ತಿದ್ದರು. ಧಾರವಾಡದಲ್ಲಿ ತರಬೇತಿ ಮುಗಿಸಿ ಬಂದ ಮೇಲೆ, ಮಹಿಳಾ ಸಂಘದವರ ಜೊತೆ ಮಾತಾಡಿ ಅವಳು ಅದನ್ನು ತರಿಸಿದ್ದಳು. ಸಂಘದ ಹೆಂಗಸರು ತಮ್ಮ ತಮ್ಮ ನಾಟಿ ಕೋಳಿಗಳ ಮೊಟ್ಟೆ ತಂದುಕೊಡುತ್ತಿದ್ದರು. ಯಾರ ಮೊಟ್ಟೆ ಯಾವುದೆಂದು ತಿಳಿಯಲು ಅವಳು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಳು: ಒಬ್ಬರದಕ್ಕೆ ಗೆರೆ, ಒಬ್ಬರದಕ್ಕೆ ಸೊನ್ನೆ, ಓಣಿಯ ತುದಿಯ ರೇಷ್ಮಾಳದಕ್ಕೆ ಒಂದು ಎಲೆ. ಮರಿಗಳಾದ ಮೇಲೆ ಅವರವರ ಮರಿ ಅವರವರಿಗೆ, ಕಾವು ಕೊಟ್ಟಿದ್ದಕ್ಕೆ ಅವಳಿಗೊಂದು ಪಾಲು. ಇದು ಅವಳು ನಡೆಸಿದ ಮೊದಲ ದೊಡ್ಡ ಕಾವು. ಮಳೆ ಬರುವ ಮುಂಚಿನ ದಿನ ಮೊಬೈಲಿನ ಬೆಳಕು ಹಿಡಿದು ನೋಡಿದಾಗ ಹೆಚ್ಚುಕಡಿಮೆ ಎಲ್ಲ ಮೊಟ್ಟೆಗಳೊಳಗೂ ಕಪ್ಪು ನೆರಳು ಮಿಸುಕಾಡಿತ್ತು. ಇನ್ನೇನು ಕೆಲವೇ ದಿನ.

ಮನೆಯ ಬ್ಯಾಟರಿ ಮಧ್ಯಾಹ್ನದ ಹೊತ್ತಿಗೆ ಕೈಕೊಟ್ಟಿತು. ಅವಳು ಬಾಟಲಿಗಳಿಗೆ ಬಿಸಿನೀರು ತುಂಬಿ ಮೊಟ್ಟೆಗಳ ಬದಿಗಿಟ್ಟು, ಪೆಟ್ಟಿಗೆಯ ಮೇಲೆ ಕೌದಿ ಹೊದಿಸಿದಳು. ಗಂಡ ಪುಂಡಲೀಕ ಕುರಿಗಳಿಗೆ ಮೇವು ಹಾಕಿ ಬಂದು ಬಾಗಿಲಲ್ಲಿ ನಿಂತು ನೋಡಿದ.

"ಬಿಡಲೇ ಅನ್ನಪೂರ್ಣಾ. ಆಗೂದಲ್ಲ ಇದು. ಮಳಿಗಿ ಯಾರೇನ ಮಾಡಾಕ ಬರತೈತಿ? ಸಂಘದವ್ರಿಗೆ ಹೇಳಿದ್ರ ಅವ್ರಿಗೂ ತಿಳೀತೈತಿ."

"ಅವ್ರಿಗೆ ತಿಳೀತೈತ್ರಿ. ಒಳಗ ಇದ್ದಾವಲ್ಲ, ಅವಕ್ಕ ಯಾರ ಹೇಳಬೇಕು?"

ಅತ್ತೆ ಸಾವಂತ್ರೆವ್ವ ಒಲೆಯ ಮುಂದೆ ನೀರು ಕಾಯಿಸುತ್ತ ಕೂತಿದ್ದಳು. ಪೆಟ್ಟಿಗೆ ಬಂದ ಹೊಸದರಲ್ಲಿ "ತಾಯಿ ಇಲ್ಲದ ಮರಿ ಎಂಥಾವು" ಎಂದು ಮೂಗು ಮುರಿದವಳು ಅವಳೇ. ಈಗ ದಿನಕ್ಕೆ ಹತ್ತು ಸಲ ಗಾಜಿನೊಳಗೆ ಇಣುಕದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ. "ಫಾತಿಮಾಬಿ ಕಡೆ ಜನರೇಟರ್ ಐತೆಲ್ಲ. ಕೇಳಿ ನೋಡು" ಎಂದಳು.

ಫಾತಿಮಾಬಿಯ ಗಂಡ ಬುಡನಸಾಬ ಮದುವೆ, ಉರುಸು, ನಾಟಕಗಳಿಗೆ ಮೈಕು, ದೀಪ ಹಾಕುತ್ತಿದ್ದವನು. ಅವನು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮೈಕುಗಳೆಲ್ಲ ಮಾರಿಹೋದರೂ ಜನರೇಟರ್ ಮಾತ್ರ ಅವಳ ಮನೆಯ ಹಿಂದಿನ ತಗಡಿನ ಕೆಳಗೆ ಗೋಣಿಚೀಲ ಹೊದ್ದು ಕೂತಿತ್ತು.

ಅನ್ನಪೂರ್ಣಾ ಹೋಗಿ ಕೇಳಿದಾಗ ಫಾತಿಮಾಬಿ ಅವಳನ್ನು ಮನೆಯ ಹಿಂದೆ ಕರೆದೊಯ್ದಳು. ತಾನೇ ಗೋಣಿಚೀಲ ತೆಗೆದು, ಹಗ್ಗ ಎಳೆದು ಯಂತ್ರ ಚಾಲೂ ಮಾಡಿ, ಅದರ ಸದ್ದು ಕೇಳಿಸಿಕೊಂಡು, ಬಂದ್ ಮಾಡಿದಳು.

"ಒಯ್ಯಿ. ಆದ್ರ ಒಂದು ಮಾತು. ಮನಿಯೊಳಗ ಇಡಬ್ಯಾಡ. ಕಟ್ಟಿ ಮ್ಯಾಲೂ ಬ್ಯಾಡ, ಕಿಡಕಿ ಬಾಜೂಕೂ ಬ್ಯಾಡ. ಬಯಲಾಗ, ಮನಿಗಿ ದೂರ. ಬಿಸಿ ಇದ್ದಾಗ ಪೆಟ್ರೋಲ್ ಹಾಕಬ್ಯಾಡ. ನಮ್ಮವ್ರು ಹ್ಯಾಂಗ ಹೋದ್ರು, ನಿಂಗೊತ್ತೇನು?"

"ಮದವಿ ಊರಾಗ ಎದಿ ನಿಂತು ಹೋದ್ರಂತ ಕೇಳೀನ್ರಿ ಚಾಚಿ."

"ಜನಾ ಹಂಗಂತಾರ. ಅಣ್ಣಿಗೇರಿ ಕಡೆ ಒಂದು ಮದವಿ. ಇಂಥಾದ ಥಂಡಿ, ಇಂಥಾದ ಮಳಿ. ಮಷಿನ್ ತೊಯ್ದೀತಂತ ಟೆಂಪೊದಾಗ ಏರಿಸಿ, ತಾಡಪತ್ರಿ ಇಳಿಬಿಟ್ಟು, ಅದರ ಬಾಜೂಕ ಮಲಗಿದ್ರು. ಮುಂಜಾನಿ ಮಷಿನ್ ನಡದಿತ್ತು. ಅವ್ರ ಏಳಲಿಲ್ಲ."

ಅವಳು ಅಳಲಿಲ್ಲ. ಪೆಂಡಾಲಿಗೆ ಎಳೆಯುತ್ತಿದ್ದ ಉದ್ದನೆಯ ವೈರಿನ ಸುರುಳಿಯನ್ನೂ ತಂದು ಅನ್ನಪೂರ್ಣಾಳ ಹೆಗಲಿಗೆ ಹಾಕಿದಳು. "ವೈರ್ ಉದ್ದ ಐತಿ. ಮಷಿನ್ ಹತ್ರ ಬೇಕಾಗಿಲ್ಲ."

ಅನ್ನಪೂರ್ಣಾ ಆ ಮಾತನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದಳು. ಹಿತ್ತಲಿನ ಕೊನೆಗೆ, ತಿಪ್ಪೆಯ ಆಚೆ ಕಲ್ಲು ಜೋಡಿಸಿ, ಅದರ ಮೇಲೆ ಯಂತ್ರವಿಟ್ಟು, ನಾಲ್ಕು ಬಿದಿರು ನೆಟ್ಟು ಮೇಲೆ ತಗಡು ಕಟ್ಟಿಸಿದಳು. ನಾಲ್ಕೂ ಬದಿ ಬಯಲು. ಪುಂಡಲೀಕನಿಗೆ ಇದು ಅತಿಯಾಯಿತು ಅನ್ನಿಸಿದರೂ ಬಿದಿರು ನೆಡಲು ಗುಂಡಿ ತೋಡಿಕೊಟ್ಟ. ಪೆಟ್ಟಿಗೆಯ ದೀಪ ಮತ್ತೆ ಹತ್ತಿದಾಗ ಸಾವಂತ್ರೆವ್ವ ಗಾಜಿಗೆ ಮುಖ ಹಚ್ಚಿ, "ಬೆಚ್ಚಗ ಇರ್ರಿ ನಮ್ಮವ್ವಗಳಿರಾ" ಎಂದಳು.

ಎರಡು ದಿನ ಹಾಗೇ ನಡೆಯಿತು. ಯಂತ್ರ ತಣ್ಣಗಾಗಲು ಬಿಟ್ಟಾಗ ಬಿಸಿನೀರಿನ ಬಾಟಲಿ, ಮತ್ತೆ ಯಂತ್ರ. ನಿದ್ದೆಗೆಟ್ಟು ಅನ್ನಪೂರ್ಣಾಳ ಕಣ್ಣು ಕೆಂಪಗಾಗಿದ್ದವು. ಓಣಿಯವರು ಮೊಬೈಲ್ ಹಿಡಿದು ಬಂದರು, ಚಾರ್ಜಿಗೆ ಹಾಕಿಕೊಟ್ಟಳು. ಒಬ್ಬರು ಟೀವಿ ಹಚ್ಚೋಣವೆಂದರು, ಅದಕ್ಕೆ ಒಪ್ಪಲಿಲ್ಲ. ಪೆಟ್ರೋಲ್ ಮುಗಿಯುತ್ತ ಬಂದಾಗ ಅತ್ತೆಗೆ ಶಾಖದ ಅಳತೆ ನೋಡುವುದನ್ನು ಹೇಳಿಕೊಟ್ಟು, ಕ್ಯಾನು ಹಿಡಿದು ನವಲಗುಂದಕ್ಕೆ ಹೊರಟಳು.

ಅವಳು ಹೋದ ಮೇಲೆ ಗಾಳಿ ಮತ್ತೆ ಎದ್ದಿತು. ಒಂದು ಬಿದಿರು ಮುರಿದು ತಗಡು ತಿಪ್ಪೆಯಾಚೆ ಹಾರಿತು. ಮಳೆ ನೇರ ಯಂತ್ರದ ಮೇಲೆ ಬೀಳುತ್ತಿತ್ತು. ಪುಂಡಲೀಕ ಓಡಿಬಂದು ಅದನ್ನು ಬಂದ್ ಮಾಡಿದ. ಹೆಂಡತಿ ಇಷ್ಟು ಒದ್ದಾಡಿ ಉಳಿಸಿಕೊಂಡದ್ದು ತನ್ನ ಕಾವಲಿನಲ್ಲಿ ಹಾಳಾಗಬಾರದು ಎಂಬುದೊಂದೇ ಆಗ ಅವನ ತಲೆಯಲ್ಲಿದ್ದದ್ದು. ಯಂತ್ರವನ್ನು ಎಳೆದುಕೊಂಡು ಬಂದು ಮನೆಯ ಮುಂಭಾಗದಲ್ಲಿ ದನ ಕಟ್ಟುವ ಜಾಗದಲ್ಲಿಟ್ಟು, ಒರೆಸಿ, ಚಾಲೂ ಮಾಡಿದ. ಆ ಜಾಗ ಮತ್ತು ಪಡಸಾಲೆಯ ನಡುವೆ ಗೋಡೆಯಿರಲಿಲ್ಲ. ದೊಡ್ಡ ಬಾಗಿಲನ್ನು ಪೂರ್ತಿ ತೆರೆದಿಟ್ಟ. ಬುಡನಸಾಬ ಸುತ್ತ ಮುಚ್ಚಿಕೊಂಡು ಮಲಗಿದ್ದ; ಇಲ್ಲಿ ಬಾಗಿಲು ತೆರೆದಿದೆ, ಏನಾಗುತ್ತದೆ ಎಂದುಕೊಂಡ. ಅಷ್ಟರಲ್ಲಿ ಕುರಿದೊಡ್ಡಿಗೆ ನೀರು ನುಗ್ಗಿತೆಂದು ಯಾರೋ ಕೂಗಿದರು. ಅವನು ಅತ್ತ ಓಡಿದ.

ಸಾವಂತ್ರೆವ್ವ ಒಬ್ಬಳೇ ಉಳಿದಳು. ಬಾಗಿಲಿನಿಂದ ಇರಚಲು ಹೊಡೆಯುತ್ತಿತ್ತು, ಅಲ್ಲಿ ಕಟ್ಟಿದ್ದ ಎಮ್ಮೆ ನಡುಗುತ್ತಿತ್ತು, ಥಂಡಿ ಒಳಕೋಣೆಯವರೆಗೂ ಬರುತ್ತಿತ್ತು. ಮೊಟ್ಟೆಗಳಿಗೆ ಥಂಡಿಯಾದೀತೆಂದು ಅವಳು ಬಾಗಿಲು ಮುಚ್ಚಿದಳು.

ಅನ್ನಪೂರ್ಣಾ ಬಸ್ಸಿಳಿದು ಕೆಸರಿನಲ್ಲಿ ಕ್ಯಾನು ಹೊತ್ತು ಓಣಿಗೆ ತಿರುಗಿದಾಗ ಯಂತ್ರದ ಸದ್ದು ಕೇಳಿತು. ಮೊದಲು ಸಮಾಧಾನವೇ ಆಯಿತು. ಇನ್ನೊಂದಿಷ್ಟು ನಡೆದ ಮೇಲೆ ಸದ್ದು ಹಿತ್ತಲಿನಿಂದಲ್ಲ, ಮನೆಯೊಳಗಿಂದ ಬರುತ್ತಿದೆ ಎಂದು ತಿಳಿಯಿತು. ಬಾಗಿಲು ಮುಚ್ಚಿತ್ತು. ಅವಳು ಕ್ಯಾನನ್ನು ಅಲ್ಲೇ ಇಳಿಸಿ ಓಡಿದಳು.

ಬಾಗಿಲು ದೂಡಿದಾಗ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಎಮ್ಮೆ ಕುತ್ತಿಗೆ ಚಾಚಿ ಮಲಗಿತ್ತು. ಅವಳು ಸೆರಗನ್ನು ಮೂಗಿಗೆ ಒತ್ತಿ, ಉಸಿರು ಬಿಗಿಹಿಡಿದು ಒಳನುಗ್ಗಿ ಯಂತ್ರ ಬಂದ್ ಮಾಡಿ, ಹೊರಗೆ ಬಂದು ಒಮ್ಮೆ ಉಸಿರೆಳೆದುಕೊಂಡು ಮತ್ತೆ ಒಳಗೋಡಿದಳು. ಸಾವಂತ್ರೆವ್ವ ಪೆಟ್ಟಿಗೆಯ ಎದುರು ಗೋಡೆಗೊರಗಿ ಕೂತಿದ್ದಳು. ಕಣ್ಣು ಅರೆತೆರೆದಿದ್ದವು. ಎದೆಯ ಮೇಲೆ ವಾಂತಿಯಾಗಿತ್ತು.

"ಅತ್ತೀ! ಏಳ್ರಿ!"

"ತಲಿ... ತಲಿ ಸಿಡ್ಯಾಕತ್ತೈತಿ..." ಮಾತು ತೊದಲುತ್ತಿತ್ತು. ಕಾಲುಗಳಲ್ಲಿ ಬಲವಿರಲಿಲ್ಲ.

ಅನ್ನಪೂರ್ಣಾ ಅವಳ ಕಂಕುಳಲ್ಲಿ ಕೈಹಾಕಿ ಎಳೆದಳು. ಪಡಸಾಲೆಯ ಅಂಚು ದಾಟುವಾಗ ತನಗೇ ಕಣ್ಣು ಕತ್ತಲೆ ಬಂದಂತಾಯಿತು. ಇಲ್ಲಿ ಬಿದ್ದರೆ ಇಬ್ಬರೂ ಹೋದೆವು ಎಂದುಕೊಂಡು ಹಲ್ಲು ಕಚ್ಚಿ ಎಳೆದಳು. ಹೊರಗೆ ಮಳೆಯಲ್ಲಿ ಅತ್ತೆಯನ್ನು ಮಲಗಿಸಿ ಚೀರಿದಳು. ಓಣಿ ಸೇರಿತು. ಎಲ್ಲರಿಗಿಂತ ಮೊದಲು ಬಂದವಳು ಫಾತಿಮಾಬಿ. ತೆರೆದ ಬಾಗಿಲು, ಒಳಗಿದ್ದ ಯಂತ್ರ, ನೆಲದ ಮೇಲಿದ್ದ ಮುದುಕಿ. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಯಾರೂ ಒಳಗ ಹೋಗಬ್ಯಾಡ್ರಿ! ಸುತ್ತ ನಿಂದರಬ್ಯಾಡ್ರಿ, ಗಾಳಿ ಆಡ್ಲಿ! ಗಾಡಿ ತರ್ರಿ ಯಾರಾರ!"

ಸಂಘದ ರೇಷ್ಮಾಳ ಗಂಡ ತನ್ನ ಜೀಪು ತಂದ. ಅತ್ತೆಯನ್ನು ಏರಿಸುವಾಗ ಅನ್ನಪೂರ್ಣಾ ಒಂದು ಕ್ಷಣ ಮನೆಯ ಕಡೆ ನೋಡಿದಳು. ಯಂತ್ರ ನಿಂತಿತ್ತು, ಒಳಗೆ ಪೆಟ್ಟಿಗೆಯ ದೀಪ ಆರಿತ್ತು. ಆಮೇಲೆ ಜೀಪು ಹತ್ತಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನೀ ಹೋಗು" ಎಂದಳು ಫಾತಿಮಾಬಿ. "ಇಲ್ಲಿ ನಾ ಅದೀನಿ."

ನವಲಗುಂದದ ಆಸ್ಪತ್ರೆಯಲ್ಲಿ ಸಾವಂತ್ರೆವ್ವನ ಮುಖಕ್ಕೆ ಆಕ್ಸಿಜನ್ ಹಚ್ಚಿದರು. ಹೊತ್ತು ಮುಳುಗುವ ಮುಂಚೆ ಅವಳ ಕಣ್ಣು ಸರಿಯಾಗಿ ತೆರೆದವು. ಸೊಸೆಯನ್ನು ಗುರುತು ಹಿಡಿದು ಮುಖದ ಮೇಲಿನದನ್ನು ಸರಿಸಿ ಕೇಳಿದಳು:

"ನೀ ಯಾಕ ಇಲ್ಲಿ ಬಂದಿ? ತತ್ತಿ ಯಾರ ನೋಡತಾರ?"

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅನ್ನಪೂರ್ಣಾ ಆಗ ಅತ್ತಳು. ಅಳುತ್ತಲೇ ಗದರಿದಳು: "ಸುಮ್ಮ ಮಲಕ್ಕೊಳ್ರಿ! ತತ್ತಿ ಅಂತ ತತ್ತಿ!"

ಪುಂಡಲೀಕ ಇನ್ನೊಬ್ಬರ ಬೈಕಿನಲ್ಲಿ ನೆನೆದು ಬಂದ. ತಾಯಿಯ ಕಾಲು ಹಿಡಿದು ಕೂತ. ಹೆಂಡತಿಯ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ.

"ಬಾಗ್ಲಾ ತೆರದ ಇಟ್ಟಿದ್ನಿ. ಹೊಗಿನೂ ಕಾಣಿಸ್ಲಿಲ್ಲ."

"ಆ ವಿಷದ ಗಾಳಿ ಕಾಣೂದಿಲ್ಲಂತ. ವಾಸನಿನೂ ಇಲ್ಲಂತ. ಈಗ ಡಾಕ್ಟರ್ ಹೇಳಿದ್ರು. ಬಾಗ್ಲಾ ತೆರದ್ರೂ ಒಳಗ ಇಡಬಾರ್ದಂತ." ಅವಳು ಅತ್ತೆಯ ಹೊದಿಕೆ ಸರಿಮಾಡಿದಳು. "ಮಷಿನ್ ತೊಯ್ದ್ರ ತೊಯ್ಲಿ, ತತ್ತಿ ಹೋದ್ರ ಹೋಗ್ಲಿ ಅಂತ ಯಾಕ ಅನಕೊಳ್ಳಲಿಲ್ಲ ನೀವು?"

"ನೀ ಅಷ್ಟ ಒದ್ದಾಡಿದ್ದು ನೋಡಿದ್ನೆಲ್ಲ" ಎಂದ ಅವನು.

ಅವಳ ಕೋಪ ಪೂರ್ತಿ ಇಳಿದಿರಲಿಲ್ಲ. ಆದರೂ ಸೆರಗಿನ ತುದಿ ಹಿಡಿದು ಅವನ ಒದ್ದೆ ತಲೆಯನ್ನು ಒರಟಾಗಿ ಒರೆಸಿದಳು.

ಮರುದಿನ ಬೆಳಿಗ್ಗೆ ಅತ್ತೆಯ ಬಳಿ ಗಂಡನನ್ನು ಬಿಟ್ಟು ಅವಳು ಊರಿಗೆ ಬಂದಳು. ಎಮ್ಮೆ ಎದ್ದು ನಿಂತು ಮೇವು ಮೂಸುತ್ತಿತ್ತು. ಮನೆಯ ಬಾಗಿಲು ಕಿಟಕಿಗಳೆಲ್ಲ ತೆರೆದಿದ್ದವು. ಹಿತ್ತಲಿನ ಕೊನೆಯಲ್ಲಿ ಯಂತ್ರ ನಡೆಯುತ್ತಿತ್ತು. ಅದರ ಮೇಲೆ ಎತ್ತರಕ್ಕೆ ತಾಡಪತ್ರಿ ಕಟ್ಟಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಬೀಸುವ ಕಲ್ಲು, ಒರಳುಕಲ್ಲುಗಳನ್ನು ತೂಗುಬಿಟ್ಟಿದ್ದರು. ಯಾರ್‍ಯಾರ ಮನೆಯವೋ! ಗಾಳಿ ಬಂದ ದಿಕ್ಕಿಗೆ ಬೆನ್ನು ಮಾಡಿ ಫಾತಿಮಾಬಿ ಕಂಬಳಿ ಹೊದ್ದು ಕೂತಿದ್ದಳು. ಒಳಗೆ ರೇಷ್ಮಾ ಪೆಟ್ಟಿಗೆ ಕಾಯುತ್ತಿದ್ದಳು. ಸಂಘದ ಹೆಂಗಸರು ಪಾಳಿ ಹಚ್ಚಿಕೊಂಡಿದ್ದರು.

"ಮನ್ಯಾಗ ಗಾಳಿ ಆಡೂತನಾ ಚಾಚಿ ಪೆಟ್ಟಿಗಿ ಮುಟ್ಟಾಕ ಬಿಡಲಿಲ್ಲ" ಎಂದಳು ರೇಷ್ಮಾ. "ತತ್ತಿ ತಣ್ಣಗಾಗಿದ್ವು. ಏನಾಗ್ಯಾವೋ ಗೊತ್ತಿಲ್ಲ."

"ಮಷಿನ್ ನೀವ ಹೊರಗ ತಂದ್ರ್ಯಾ ಚಾಚಿ?" ಅನ್ನಪೂರ್ಣಾ ಕೇಳಿದಳು.

"ಮತ್ತ್ಯಾರು? ಇಷ್ಟ ವರ್ಷ ಇದನ್ನ ಚೀಲಾ ಮುಚ್ಚಿ ಇಟ್ಟಿದ್ನಿ. ನಿನ್ನಿಯಿಂದ ಇದರ ಮುಂದನ ಕುಂತೀನಿ. ಚಹಾ ಮಾಡು ಹೋಗು."

ಮಳೆ ನಿಂತರೂ ಕರೆಂಟು ಬರಲಿಲ್ಲ. ಯಂತ್ರ ನಡೆಯುತ್ತಲೇ ಇತ್ತು. ಸಾವಂತ್ರೆವ್ವ ಮನೆಗೆ ಬಂದ ಮರುದಿನ ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಬಿರುಕು ಕಂಡಿತು. ಅದರೊಳಗಿಂದ ಚಿಂವ್ ಎಂಬ ಸಣ್ಣ ಸದ್ದು. ಮುದುಕಿ ಸೊಸೆಯ ಕೈ ಹಿಡಿದು ಗಾಜಿನ ಮುಂದೆ ಕೂತಳು. ಸಂಜೆಯವರೆಗೆ ಒಂದರ ಹಿಂದೊಂದು ಒಡೆದವು. ಒದ್ದೆ ಮರಿಗಳು ತೊಡರುತ್ತ, ಬೀಳುತ್ತ, ಒಂದರ ಮೇಲೊಂದು ಒರಗಿ ಮಲಗಿದವು.

ಎಲ್ಲವೂ ಒಡೆಯಲಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಮೊಟ್ಟೆಗಳು ಸದ್ದಿಲ್ಲದೆ ಉಳಿದವು. ಎಲೆಯ ಗುರುತಿನವುಗಳಲ್ಲಿ ಒಂದೂ ಮರಿಯಾಗಲಿಲ್ಲ. ಅನ್ನಪೂರ್ಣಾ ತನ್ನ ಪಾಲಿಗೆ ಬಂದ ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ರೇಷ್ಮಾಳ ಮನೆಗೆ ಹೋದಳು. ರೇಷ್ಮಾ ಬೇಡವೆಂದಳು.

"ನಿನ್ನ ತಪ್ಪಲ್ಲ ಅದು."

"ತಪ್ಪಿನ ಮಾತಲ್ಲವಾ. ನನ್ನ ನಂಬಿ ಕೊಟ್ಟಿದ್ದಿ. ತಗೊ. ಮುಂದಿನ ಸಲ ಮತ್ತ ತತ್ತಿ ಕೊಡಬೇಕು."

ಕೊನೆಗೆ ಇಬ್ಬರೂ ಅರ್ಧರ್ಧ ಹಂಚಿಕೊಂಡರು.

ನೆಲ ಆರಿತು, ಕಂಬ ಬಂದವು, ಕರೆಂಟೂ ಬಂತು. ಸಾವಂತ್ರೆವ್ವನಿಗೆ ಆಗಾಗ ತಲೆನೋವು ಬರುವುದು ಬಹಳ ದಿನ ಹೋಗಲಿಲ್ಲ. ಪುಂಡಲೀಕ ಯಾರೂ ಹೇಳದೆಯೇ ಹಿತ್ತಲಿನ ಕೊನೆಯಲ್ಲಿ ಕಲ್ಲಿನ ಕಟ್ಟೆ ಕಟ್ಟಿ, ಕಬ್ಬಿಣದ ಕಂಬ ಹುಗಿದು, ಮೇಲೆ ಮಾತ್ರ ತಗಡು ಹೊದಿಸಿದ. ಹಾದಿಯಲ್ಲಿ ಹೋಗುವವರು, "ಸುತ್ತ ಗ್ವಾಡಿ ಯಾವಾಗ?" ಎಂದು ಕೇಳಿದರೆ, ನಿಲ್ಲಿಸಿ, ಗೋಡೆ ಯಾಕಿಲ್ಲವೆಂದು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದ. ತಾನು ಮಾಡಿದ್ದನ್ನೂ ಬಿಡುತ್ತಿರಲಿಲ್ಲ.

ಯಂತ್ರವನ್ನು ಮರಳಿಸಲು ಹೋದಾಗ ಫಾತಿಮಾಬಿ, "ನನ್ನ ಮನ್ಯಾಗ ತುಕ್ಕು ಹಿಡಿಯೂದಕ್ಕಿಂತ ನಿನ್ನ ಕಡೆನ ಇರಲಿ. ಯಾರರ ಬೇಡಾಕ ಬಂದ್ರ ಕೊಡು. ಆದ್ರ ಸುಮ್ಮ ಕೊಟ್ಟ ಕಳಸಬ್ಯಾಡ" ಎಂದಳು.

ಸಂಕ್ರಮಣ ಕಳೆದ ಮೇಲೆ ಪಕ್ಕದ ಊರಿನ ಮುದಕಪ್ಪ ಮಗಳ ಮದುವೆಗೆಂದು ಜನರೇಟರ್ ಕೇಳಿಕೊಂಡು ಬಂದ. ಟ್ರ್ಯಾಕ್ಟರಿಗೆ ಯಂತ್ರ ಏರಿಸಿದ ಮೇಲೆ ಅನ್ನಪೂರ್ಣಾ ಚಪ್ಪಲಿ ಮೆಟ್ಟಿ ತಾನೂ ಹತ್ತಿ ಕೂತಳು.

"ನೀ ಯಾಕವಾ? ನಾವ ಇಳಿಸಿ ಇಡತೇವಿ" ಎಂದ ಮುದಕಪ್ಪ.

"ಎಲ್ಲಿ ಇಡತೀರಿ ಅನ್ನೂದನ್ನ ನೋಡಿ ಬರತೇನ್ರಿ ಕಾಕಾ. ಹೋಗೂಣು ನಡ್ರಿ."