ಎಕ್ಸ್-ರೇ ಕೋಣೆಯಲ್ಲಿ ಕೇಳಿದ ಪ್ರಶ್ನೆ

ಮೂರು ವರ್ಷದ ಪುಟ್ಟಿ ಮಂಚದಿಂದ ಹಾರಿ ಮುಂಗೈ ಊದಿಸಿಕೊಂಡಿದ್ದಳು. ಅಜ್ಜಿ ಒದ್ದೆ ಬಟ್ಟೆ ಸುತ್ತಲು ಹೋದರೆ ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಅಜ್ಜಿಯೂ ಪುಟ್ಟಿಯ ಅಮ್ಮನೂ, ಅಂದರೆ ಅತ್ತೆ ಸೊಸೆ ಇಬ್ಬರೂ, ಅವಳನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರು ಕೈ ನೋಡಿ ಎಕ್ಸ್-ರೇಗೆ ಬರೆದುಕೊಟ್ಟರು.

ಎಕ್ಸ್-ರೇ ಕೋಣೆಯಲ್ಲಿ ಪುಟ್ಟಿ ಅಮ್ಮನ ಕುತ್ತಿಗೆಯನ್ನೇ ಬಿಡಲಿಲ್ಲ. ಕೈ ಅಲುಗಿದರೆ ಚಿತ್ರ ಕೆಡುತ್ತದೆ, ಯಾರಾದರೂ ಹಿಡಿದುಕೊಳ್ಳಲೇಬೇಕು. ಸೊಸೆ ಮೇಜಿನ ಪಕ್ಕ ನಿಂತಳು.

ಎಕ್ಸ್-ರೇ ತೆಗೆಯುವ ಸಿಸ್ಟರ್ ತಡೆದರು. "ಒಂದ್ನಿಮಿಷ. ನೀವೇನಾದ್ರೂ ಗರ್ಭಿಣಿನಾ? ಮುಟ್ಟು ತಡ ಆಗಿದ್ಯಾ?"

ಸೊಸೆ ನೆಲ ನೋಡಿದಳು. ಅತ್ತೆಗೆ ರೇಗಿತು. "ಮಗು ಕೈ ಫೋಟೋ ತೆಗೀರಿ ಅಂದ್ರೆ ತಾಯಿ ಹೊಟ್ಟೆ ವಿಚಾರ ಯಾಕೆ ನಿಮಗೆ?"

"ಇದು ಬರೀ ಫೋಟೋ ಅಲ್ಲಮ್ಮ. ಈ ಕಿರಣ ಮೈಯೊಳಗೇ ಹಾದು ಹೋಗುತ್ತೆ. ಕಾಣಲ್ಲ, ಬಿಸಿನೂ ತಾಗಲ್ಲ. ಬೇಕಾದವರ ಮೇಲೆ ಬೇಕಾದಷ್ಟೇ ಬೀಳ್ಬೇಕು. ಹೊಟ್ಟೇಲಿರೋ ಕೂಸಿಗೆ ಸುಮ್ಸುಮ್ನೆ ಯಾಕೆ?"

"ಅಷ್ಟು ಕೆಟ್ಟದ್ದಾದ್ರೆ ನಮ್ಮ ಪುಟ್ಟಿಗೂ ಬೇಡ. ನಡಿಯೇ ಮನೆಗೆ!"

"ಹಾಗಲ್ಲಮ್ಮ. ಪುಟ್ಟಿಗೆ ಬೀಳೋದು ತೀರಾ ಕಮ್ಮಿ. ಮೂಳೆ ಮುರಿದಿದ್ದು ಗೊತ್ತಾಗದೆ ಸೊಟ್ಟಗೆ ಕೂಡ್ಕೊಂಡ್ರೆ? ಅದಕ್ಕೇ ಡಾಕ್ಟರು ಬರೆದಿರೋದು."

"ಮತ್ತೆ ನೀವು ದಿನಾ ಇಲ್ಲೇ ಇರ್ತೀರಲ್ಲ, ನಿಮಗೇನೂ ಆಗಲ್ವಾ?"

ಸಿಸ್ಟರ್ ನಕ್ಕರು. "ಗುಂಡಿ ಒತ್ತೋವಾಗ ಆ ಗೋಡೆ ಹಿಂದೆ ಹೋಗ್ತೀನಿ. ಕಿರಣದ ಹತ್ರ ಇರೋ ಹೊತ್ತು ಕಮ್ಮಿ ಇರ್ಬೇಕು. ಆದಷ್ಟು ದೂರ ನಿಲ್ಬೇಕು. ನಡುವೆ ಗಟ್ಟಿ ತಡೆ ಇರ್ಬೇಕು. ಇಷ್ಟೇ."

ಆಗ ಸೊಸೆ ಮೆಲ್ಲಗೆ ಬಾಯಿಬಿಟ್ಟಳು. "ಅತ್ತೆ, ಹತ್ತು ದಿನ ದಾಟಿದೆ. ಹೋದ್ಸಲ ಎಲ್ಲರಿಗೂ ಹೇಳಿದ ಮೇಲೆ ಬಸಿರು ನಿಲ್ಲಲಿಲ್ಲವಲ್ಲ... ಈ ಸಲ ಗಟ್ಟಿಯಾಗ್ಲಿ ಅಂತ ಸುಮ್ಮನಿದ್ದೆ."

ಹೋದ ಸಲ ಸೊಸೆ ವಾರಗಟ್ಟಲೆ ಗೋಡೆಗೆ ಮುಖಮಾಡಿ ಮಲಗಿದ್ದನ್ನು ಅತ್ತೆ ಕಂಡಿದ್ದರು. ಮಗುವನ್ನು ತಾವೇ ಎತ್ತಿಕೊಂಡರು.

"ನೀನು ಆಚೆ ಹೋಗಮ್ಮ. ನನಗೇನು, ಹೆರೋ ಕಾಲ ಎಂದೋ ಮುಗೀತು."

ಸಿಸ್ಟರ್ ಅತ್ತೆಗೆ ಕಿರಣ ತಡೆಯುವ ಸೀಸದ ಏಪ್ರನ್ ತೊಡಿಸಿ, ಕಿರಣ ಬೀಳುವ ಜಾಗಕ್ಕೆ ಕೈ ಬಾರದಂತೆ ಹಿಡಿಯುವುದನ್ನು ತೋರಿಸಿಕೊಟ್ಟರು.

"ಅಬ್ಬಬ್ಬಾ, ಬಂಡೆ ಹೊತ್ತ ಹಾಗಿದೆ!" ಎಂದು ಅಜ್ಜಿ ನರಳಿದ್ದಕ್ಕೆ ಪುಟ್ಟಿ ಅಳು ಮರೆತು ಪಿಳಿಪಿಳಿ ನೋಡಿದಳು. ಅಷ್ಟರಲ್ಲೇ ಕೆಲಸ ಮುಗಿದಿತ್ತು.

ಮೂಳೆಯಲ್ಲಿ ಸಣ್ಣ ಬಿರುಕಿತ್ತು. ಕೈಗೆ ಕಟ್ಟು ಹಾಕಿಸಿಕೊಂಡು ಮನೆಗೆ ಬಂದರು. ನೋಡಲು ಬಂದ ಪಕ್ಕದ ಮನೆಯಾಕೆ, "ನನಗೂ ಸೊಂಟ ನೋವು, ನಾಳೆ ಹೋಗಿ ಒಂದು ಎಕ್ಸ್-ರೇ ತೆಗೆಸಿಬಿಡ್ತೀನಿ" ಎಂದಳು.

"ಡಾಕ್ಟರು ಹೇಳಿದ್ರಾ?" ಅತ್ತೆ ಕೇಳಿದರು.

"ಇಲ್ಲ, ನಾನೇ..."

"ಮೊದಲು ಅವರಿಗೆ ತೋರಿಸು. ಬೇಕು ಅಂದ್ರೆ ಧೈರ್ಯವಾಗಿ ತೆಗೆಸ್ಕೋ. ಬೇಡ ಅಂದ್ರೆ ಹಟ ಮಾಡ್ಬೇಡ."

ಓದುವ ಅಕ್ಕ, ಅಣ್ಣಂದಿರೇ, ಡಾಕ್ಟರು ಬೇಕೆಂದ ಎಕ್ಸ್-ರೇಗೆ ಹೆದರಬೇಡಿ. ಹಳೆಯ ಚಿತ್ರಗಳಿದ್ದರೆ ಜೊತೆಗೆ ಒಯ್ಯಿರಿ. ಮತ್ತೆ ತೆಗೆಯುವುದು ತಪ್ಪೀತು. ಎಕ್ಸ್-ರೇ ಕೋಣೆಯಲ್ಲಿ ಕೆಲಸವಿಲ್ಲದವರು ಬಾಗಿಲಾಚೆ ಇರಿ. ಗರ್ಭಿಣಿಯೆಂಬ ಅನುಮಾನವಿದ್ದರೂ ಸಾಕು, ಯಾರೂ ಕೇಳುವ ಮುಂಚೆ ನೀವೇ ಹೇಳಿ. ಆ ಒಂದು ಮಾತಿಗೆ ನಾಚಿಕೆ ಬೇಡ.