ಅಜ್ಜಿಗೆ ಕೇಳಿಸುವಷ್ಟು ವೋಲ್ಟು

ಮಕ್ಕಳ ಆಟಿಕೆಗೆ ಸೆಲ್ ಹಾಕುವ ಮೊದಲು ಅದರ ಬೆನ್ನ ಮೇಲೆ ಬರೆದ ವೋಲ್ಟನ್ನು ಓದುವುದು ನನ್ನ ಅಭ್ಯಾಸ. "ಅಮ್ಮ ಪಂಚಾಂಗ ನೋಡ್ತಿದಾಳೆ" ಎಂದು ಮಕ್ಕಳು ಆಡಿಕೊಳ್ಳುತ್ತಾರೆ. ಕುಕ್ಕುವಾಡದ ನಮ್ಮ ಮನೆಯ ಟ್ರಾನ್ಸಿಸ್ಟರ್ ರೇಡಿಯೋವನ್ನು ಕಂಡವರಲ್ಲ ಅವರು.

ಅರವತ್ತೇಳನೇ ಇಸವಿ. ಹರಿಹರದ ಶಾಲೆಯಲ್ಲಿ ಮೇಡಂ ಆಗಿದ್ದ ನಮ್ಮ ನಿರ್ಮಲಕ್ಕ ಭದ್ರಾವತಿ ಆಕಾಶವಾಣಿಗೆ ಹೋಗಿ ವಚನ ಹಾಡಿ ಬಂದಿದ್ದಳು. ಅದು ಗುರುವಾರ ಸಂಜೆ ಬರುವುದಿತ್ತು. ತಾಯಿಯಿಲ್ಲದ ನಮ್ಮಿಬ್ಬರನ್ನೂ ಸಾಕಿದವಳು ಅಜ್ಜಿ ಕಸ್ತೂರಮ್ಮ. ಬೀಸುಕಲ್ಲಿನ ಎದುರು ಕೂರಿಸಿಕೊಂಡು ಅಕ್ಕನಿಗೆ ಹಾಡು ಕಲಿಸಿದವಳೂ ಅವಳೇ. ಆ ಹೊತ್ತಿಗೆ ಅವಳ ಕಿವಿ ಮಂದವಾಗಿ, ಹತ್ತಿರ ಬಂದು ಕೂಗಿದರಷ್ಟೇ ಕೇಳುತ್ತಿತ್ತು. "ಆ ಹುಡುಗಿ ದನಿ ಒಂದ್ಸಲ ಡಬ್ಬಿಯಾಗೆ ಕೇಳ್ಬೇಕಪ್ಪ" ಎಂದು ಅಪ್ಪನ ಬೆನ್ನು ಹತ್ತಿದ್ದಳು.

ಆ ಗುರುವಾರ ಬೆಳಿಗ್ಗೆ ಅಪ್ಪ ಟ್ರಾನ್ಸಿಸ್ಟರನ್ನು ಅವಳ ಕಿವಿಗೆ ಹಿಡಿದು ಗುಂಡಿಯನ್ನು ಪೂರ್ತಿ ತಿರುಗಿಸಿದರು.

"ಇದ್ರಾಗೆ ಜೀರುಂಡೆ ಐತೇನೋ ಪರಮ?" ಎಂದಳು ಅಜ್ಜಿ.

ಅಪ್ಪ, ಪರಮೇಶ್ವರಪ್ಪನವರು, ಹಟವಾದಿ. ಸೆಟ್ಟನ್ನು ಎತ್ತಿಕೊಂಡು ನೆಟ್ಟಗೆ ಅಂಗಳದ ಟ್ರಾಕ್ಟರಿನ ಬಳಿ ನಡೆದರು. "ಭರಮಣ್ಣ, ಬ್ಯಾಟ್ರಿಯಿಂದ ಇದಕ್ಕೆರಡು ವೈರು ಎಳಿ."

ಡ್ರೈವರ್ ಭರಮಣ್ಣ ಸೆಟ್ಟಿನ ಬೆನ್ನು ನೋಡಿದ. "ನಾಕು ಸೆಲ್ಲು, ಆರು ವೋಲ್ಟು ಅಂತ ಬರ್ದೈತಲ್ರಿ ಗೌಡ್ರೇ. ಟ್ರಾಕ್ಟ್ರಿಂದು ಹನ್ನೆರಡು."

"ಅಟ್ಟದ ಮ್ಯಾಲಿರೋ ಹಳೇ ರೇಡಿಯೋ ತೊಂಬತ್ತು ವೋಲ್ಟು ಕುಡೀತಿತ್ತಲೋ. ಆ ಇಟ್ಟಿಗೆಯಂಥ ಬ್ಯಾಟ್ರಿ ಹೊತ್ತೇ ನಿನ್ನ ಹೆಗಲು ಬಾಗೈತೆ. ತೊಂಬತ್ತು ಅರಗಿಸ್ಕೊಂಡ ವಂಶದ್ದು, ಹನ್ನೆರಡಕ್ಕೆ ಅಂಜ್ತೈತಾ?"

ಹಳೆಯದರಲ್ಲಿ ಕೆಂಪಗೆ ಉರಿಯುವ ಗಾಜಿನ ವಾಲ್ವುಗಳಿದ್ದವು. ಹೊಸದರ ಹೊಟ್ಟೆಯಲ್ಲಿದ್ದುದು ಹುಣಿಸೆಬೀಜದಷ್ಟು ಚಿಕ್ಕ ಟ್ರಾನ್ಸಿಸ್ಟರುಗಳು. ಅವುಗಳ ಹಸಿವೇ ಬೇರೆ ಎಂದು ನಮ್ಮ ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭರಮಣ್ಣ ವೈರು ಮುಟ್ಟಿಸಿದ. ಸೆಟ್ಟು ಒಮ್ಮೆಲೇ ಅಬ್ಬರಿಸಿತು. ಗೊಬ್ಬರದ ವಿಷಯ ಹೇಳುತ್ತಿದ್ದವರ ದನಿ ಓಣಿಯ ತುದಿ ಮುಟ್ಟಿತು. ಕಟ್ಟೆಯ ಮೇಲಿದ್ದ ಅಜ್ಜಿಯ ಮುಖ ಅರಳಿತು. "ಕೇಳ್ತೈತೆ ಪರಮ, ಕೇಳ್ತೈತೆ." ಅಪ್ಪ ಮೀಸೆಯ ಮೇಲೆ ಕೈಯಾಡಿಸಿದರು.

ಅಷ್ಟರಲ್ಲಿ ಗೊಬ್ಬರದವರ ದನಿ ಗೊಗ್ಗರಾಯಿತು. ಅರಗು ಸುಟ್ಟ ವಾಸನೆ ಬಂತು, ಹಿಂದಿನ ತೂತುಗಳಿಂದ ಒಂದೆಳೆ ಹೊಗೆ. ಭರಮಣ್ಣ ವೈರು ಕಿತ್ತ. ಅಪ್ಪ ಮತ್ತೆ ಸೆಲ್ಲುಗಳನ್ನೇ ಹಾಕಿ, ತಟ್ಟಿ, ಅಲುಗಿಸಿ ನೋಡಿದರು. ಈಗ ಜೀರುಂಡೆಯೂ ಇರಲಿಲ್ಲ.

"ಎಮ್ಮೆ ಕುಡಿಯೋ ಬಾನಿ ನೀರ್ನ ಕೂಸಿನ ಬಾಯಿಗೆ ಸುರಿದ್ಯಲ್ಲೋ" ಎಂದಳು ಅಜ್ಜಿ. ಬೈಗುಳದ ದನಿಯಲ್ಲ ಅದು. ಅದಕ್ಕೇ ಅಪ್ಪ ತಲೆ ಎತ್ತಲಿಲ್ಲ.

ಭರಮಣ್ಣನೇ ಕೆಮ್ಮಿದ. "ದಾವಣಗೆರೆ ಪಾರ್ಕಿನಾಗೆ ಕಂಬದ ಮ್ಯಾಲೆ ಕಹಳೆ ಕಟ್ಯಾರ್ರೀ, ಮುನ್ಸಿಪಾಲ್ಟಿ ರೇಡಿಯೋಕ್ಕೆ. ಅಮ್ಮೋರ್ನ ಕರ್ಕೊಂಡೋಗಾನ."

ಊಟ ಮುಗಿಸಿ ಟ್ರೇಲರಿಗೆ ಹುಲ್ಲು ಹರಡಿ, ಕೌದಿ ಹಾಸಿ, ಅಜ್ಜಿಯನ್ನು ಕೂರಿಸಿದೆವು. ಎಂದೂ ಟ್ರಾಕ್ಟರು ಹತ್ತದವಳು ಒಂದು ಕೈಯಲ್ಲಿ ಕೊರಳಿನ ಲಿಂಗದ ಕರಡಿಗೆ, ಇನ್ನೊಂದರಲ್ಲಿ ನನ್ನ ತೋಳು ಹಿಡಿದಿದ್ದಳು. ದಾವಣಗೆರೆ ಹತ್ತಿರವಾದಂತೆ ರಸ್ತೆಬದಿಯ ಜಾಲಿಮುಳ್ಳಿಗೆಲ್ಲ ಹತ್ತಿ ಸಿಕ್ಕಿಕೊಂಡಿತ್ತು. ಮಿಲ್ಲಿಗೆ ಹೋದ ಗಾಡಿಗಳು ಉದುರಿಸಿದ್ದು. ಈಗಲೂ ಹತ್ತಿ ಕಂಡರೆ ನನಗೆ ಆ ಸಂಜೆಯೇ.

ಪಾರ್ಕಿನಲ್ಲಿ ಜನ ಮಂಡಕ್ಕಿ ತಿನ್ನುತ್ತಾ ಕುಳಿತಿದ್ದರು. ಅಜ್ಜಿಯನ್ನು ಕಹಳೆಯ ನೇರ ಕೆಳಗೆ ಕೂರಿಸಿದೆವು. ಹೆಸರು ಹೇಳಿದರು, ತಂಬೂರಿ ಮಿಡಿಯಿತು, ಅಕ್ಕನ ದನಿ ಬಂತು. ಅಪ್ಪ ಕಹಳೆಯತ್ತ ನೋಡಲೇ ಇಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಿದ್ದರು. ಮುಖ ಕಲ್ಲಿನಂತಿತ್ತು. ಮೊದಲ ಸಾಲು ಮುಗಿಯಿತು. ಎರಡನೆಯದಕ್ಕೆ ಅವಳ ಬಲಗೈ ಮಡಿಲಿನಿಂದ ಮೇಲೆದ್ದು, ಕಾಣದ ಬೀಸುಕಲ್ಲನ್ನು ಮೆಲ್ಲಗೆ ತಿರುಗಿಸತೊಡಗಿತು, ಹಾಡಿನ ಗತಿಗೆ ಸರಿಯಾಗಿ.

ಅಪ್ಪ ಟವಲಿನಿಂದ ಮುಖ ಒರೆಸಿಕೊಂಡರು.

"ಉಸಿರು ಬ್ಯಾಗ ಬಿಡ್ತಾಳೆ" ಎಂದಳು ಅಜ್ಜಿ, ಹಾಡು ಮುಗಿದ ಮೇಲೆ. "ಹರಿಹರದಾಗೆ ಸರಿಯಾಗಿ ಉಣ್ಣಲ್ಲ ಅದು."

ವಾಪಸು ಹೊರಡುವಾಗ ಅಪ್ಪ ಅವಳ ಕಿವಿಯ ಹತ್ತಿರ ಬಾಗಿ ಕೂಗಿದರು. "ಅವ್ವಾ, ಹೊಸಾ ಸೆಟ್ಟು ತರ್ತೀನಿ."

"ತಾ" ಎಂದಳು ಅಜ್ಜಿ. "ಅದೆಷ್ಟು ಉಣ್ತೈತೆ ಅಂತ ಮೊದ್ಲು ಕೇಳ್ಕೊಂಡು ತಾ."